ಚಕ್ರದ ಕೆಳಗಿನ ನಾಲ್ಕು ನಿಂಬೆಹಣ್ಣು

ಓಕ್‌ಲ್ಯಾಂಡ್
ಏಪ್ರಿಲ್ 3, 2025

ಮಾವ,

ನೀವು ಮಾಡಲು ಹೊರಟಿರುವುದು ತಪ್ಪು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಬೆಳಗಿನ ಬಸ್ಸಿಗೆ ಕಾದು ಕಾದು ಜನರ ಕಾಲು ಸೋಲುತ್ತಿರುವ ಊರಿನಲ್ಲಿ, ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ಮನುಷ್ಯ, ಅದನ್ನು ಬಿಟ್ಟ ಮೂರನೇ ತಿಂಗಳಿಗೆ ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಕೊಳ್ಳುವುದು ತಪ್ಪು.

ಯುಗಾದಿಯ ದಿನ ಊಟದ ನಡುವೆ ಎದ್ದು ಬಂದದ್ದಕ್ಕೆ ಅತ್ತೆಯ ಕ್ಷಮೆ ಕೇಳುತ್ತೇನೆ. ನಿಮ್ಮ ಕ್ಷಮೆ ಕೇಳುವುದಿಲ್ಲ. ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಾ "ಅರವತ್ತಾರರ ಕಾರ್ವೆಟ್ ಕಣವ್ವ, ಕಡುನೀಲಿ" ಎಂದಿರಿ. ತಮಾಷೆ ಎಂದುಕೊಂಡೆ. ಆಮೇಲೆ "ಕ್ಲಚ್ಚು, ಗೇರು ಎಲ್ಲಾ ಇದೆ. ನೀನು ನಿನ್ನ ವ್ರತ ಮುರಿದು ಸ್ಟಿಯರಿಂಗ್ ಹಿಡಿದರೆ ಹೆಂಗೆ?" ಎಂದು ನಕ್ಕಿರಿ. ಇನ್ನು ಕಾರು ಓಡಿಸುವುದಿಲ್ಲ ಎಂದು ಎರಡು ವರ್ಷದ ಹಿಂದೆ ನಾನು ಯೋಚಿಸಿ ತೆಗೆದುಕೊಂಡ ತೀರ್ಮಾನ ನಿಮಗೆ ವ್ರತ, ಅದೂ ನಗುವಂಥ ವ್ರತ. ಅದಕ್ಕೇ ಪರ್ಸಿನಿಂದ ನನ್ನ ಲೈಸೆನ್ಸು ತೆಗೆದು ನಿಮ್ಮ ಎಲೆಯ ಪಕ್ಕ ಇಟ್ಟು ಬಂದೆ. ಅದನ್ನು ನೀವೇ ಇಟ್ಟುಕೊಳ್ಳಿ.

ಸೋದರಮಾವನ ಮನೆಯೆಂದು ನಿಮ್ಮಲ್ಲಿದ್ದು ಕಾಲೇಜು ಓದಿದ ನಾಲ್ಕು ವರ್ಷ ನನಗೆ ಅತಿ ದೊಡ್ಡ ಹೆಮ್ಮೆ ಯಾವುದಾಗಿತ್ತು ಗೊತ್ತೇ? ಕನ್ನಡ ಸಂಘದ ಪಿಕ್ನಿಕ್ಕುಗಳಲ್ಲಿ ಎಲ್ಲರೂ ಯಾವ ಕಂಪನಿ, ಯಾವ ಟೀಮು ಎಂದು ಕೇಳುವಾಗ ನೀವು "ನಾನು ಬಸ್ ಡ್ರೈವರ್" ಎಂದು ಚಿತ್ರಾನ್ನದ ತಟ್ಟೆ ಹಿಡಿದು ನಿಲ್ಲುತ್ತಿದ್ದದ್ದು. ಆ ಮನುಷ್ಯನೂ ಕೊನೆಗೆ ಅವರ ಸಾಲಿಗೇ ಹೋಗಿ ನಿಂತರೆ ನಾನು ಯಾರ ಹೆಸರು ಹೇಳಲಿ?

ಕಾರು ಬಿಟ್ಟು ಬಸ್ಸು ಕೇಳುವ ನಮ್ಮ ಗುಂಪಿನ ಪುಸ್ತಿಕೆ "ರಸ್ತೆ ಯಾರದು?" ಇದರ ಜೊತೆಗಿದೆ. ಕನ್ನಡಕ್ಕೆ ತಂದವಳು ನಾನೇ. ಹದಿನಾರೇ ಪುಟ, ಓದಿ. ನಾನು ಮೊಬೈಲು ಬಿಟ್ಟದ್ದು ನಿಮಗೆ ಗೊತ್ತು. ಇಲ್ಲಿಯ ಮನೆ ಫೋನಿಗೆ ಮಾಡಬೇಡಿ, ಗುಂಪಿನ ಆರು ಜನ ಸುತ್ತ ಕೂತಿರುತ್ತಾರೆ. ಕಾಗದ ಬರೆಯಿರಿ.

ಬಿಂದುಶ್ರೀ


ಸ್ಯಾನ್ ಹೊಸೆ
ಏಪ್ರಿಲ್ 9, 2025

ಮುದ್ದು ಬಿಂದು,

ನಿನ್ನ ಕಾಗದ ಬಂತು. ನಮ್ಮ ಮನೆಗೆ ಕೈಬರಹದ ಕಾಗದ ಬಂದು ಎಷ್ಟು ವರ್ಷವಾಯಿತೋ. ನಿಮ್ಮತ್ತೆ ಅದನ್ನು ಲೈಟ್ ಬಿಲ್ಲು ಎಂದು ಫ್ರಿಜ್ಜಿಗೆ ಅಂಟಿಸಿದ್ದಳು.

ನೀನು ಬೈದದ್ದರಲ್ಲಿ ಅರ್ಧ ಸರಿ ಇದೆ. ಅರ್ಧ ಯಾವುದೆಂದು ಕೇಳಬೇಡ. ನಿನ್ನ ಪುಸ್ತಿಕೆಯ ಅಕ್ಷರ ತೀರಾ ಸಣ್ಣ, ನಿಮ್ಮತ್ತೆ ಓದಿ ಹೇಳಿದಳು. ಏಳನೇ ಪುಟದಲ್ಲಿ "ಬಸ್ಸಿನಲ್ಲಿ ನಲವತ್ತು ಜನ ಕೂರುವ ಜಾಗದಲ್ಲಿ" ಎಂದಿದೆಯಲ್ಲ, ಅಲ್ಲಿ ನಿಂತವರನ್ನು ಬಿಟ್ಟಿದ್ದೀರಿ. ನನ್ನ ಬಸ್ಸಿನಲ್ಲಿ ಯಾವತ್ತೂ ಹತ್ತು ಜನ ನಿಂತೇ ಇರುತ್ತಿದ್ದರು. ತಿದ್ದಿಸು.

ಕಾರಿನ ಕಥೆ ಹೇಳುತ್ತೇನೆ. ನನ್ನ ರೂಟು ಸರಟೋಗಾ ದಾಟಿ ಹೋಗುತ್ತಿತ್ತು. ಅಲ್ಲಿ ಒಂದು ಸ್ಟಾಪಿನ ಎದುರು, ಮುಂದೆ ನಿಂಬೆ ಗಿಡವಿರುವ ಹಳದಿ ಮನೆ. ಡ್ರೈವ್‌ವೇಯಲ್ಲಿ ಒಬ್ಬ ಮುದುಕಪ್ಪ ಪ್ರತಿ ಶುಕ್ರವಾರ ಬೆಳಿಗ್ಗೆ ಆ ಕಾರು ತೊಳೆಯುತ್ತಿದ್ದ. ನಾನು ಬಾಗಿಲು ತೆರೆದಾಗ ಪೈಪು ಎತ್ತಿ ಸಲಾಮು ಹೊಡೆಯುತ್ತಿದ್ದ. ನಾನು ಒಂದು ಸಣ್ಣ ಹಾರ್ನು. ಹನ್ನೊಂದು ವರ್ಷ ಹೀಗೇ. ಹೆಸರು ಹ್ಯಾಲೊರಾನ್ ಎಂದು ತಿಳಿದದ್ದು ಅವನು ಹೋದ ಮೇಲೆ. ಆಮೇಲೆ ಕಾರಿನ ಮೇಲೆ ಹೊದಿಕೆ ಬಂತು. ಈ ಫೆಬ್ರವರಿಯಲ್ಲಿ ಅವನ ಹೆಂಡತಿ ಗಾಜಿಗೆ ಮಾರಾಟಕ್ಕಿದೆ ಎಂಬ ಚೀಟಿ ಅಂಟಿಸಿದ್ದಾರೆಂದು ಡಿಪೋದವರು ಹೇಳಿದರು. ಬಸ್ಸಿನಲ್ಲೇ ಹೋಗಿ ನೋಡಿದೆ. ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂತದ್ದು ಅವತ್ತೇ ಮೊದಲು ಅನ್ನಿಸುತ್ತದೆ. ಕಿಟಕಿಯಾಚೆ ಎಷ್ಟು ದೊಡ್ಡ ಬೆಟ್ಟವಿದೆ ಬಿಂದು! ಇಪ್ಪತ್ತಾರು ವರ್ಷ ಎದುರಿನ ರಸ್ತೆ ಬಿಟ್ಟು ಪಕ್ಕಕ್ಕೆ ನೋಡಿರಲಿಲ್ಲ. ಬಸ್ ಡ್ರೈವರು ಪಕ್ಕಕ್ಕೆ ನೋಡಬಾರದು.

ಬಸ್ಸು ಯಾಕೆ ಬಿಟ್ಟಿರಿ ಎಂದು ನೀನು ನೇರವಾಗಿ ಕೇಳಿಲ್ಲ. ಸಾಕು ಅನ್ನಿಸಿತು, ಅಷ್ಟೇ.

ಅಕ್ಷಯ ತೃತೀಯ, ಏಪ್ರಿಲ್ ಮೂವತ್ತು, ಬುಧವಾರ ಬೆಳಿಗ್ಗೆ ಹತ್ತೂವರೆಗೆ ಗಾಡಿ ಕೈಗೆ ಬರುತ್ತದೆ. ಹನ್ನೆರಡಕ್ಕೆ ರಾಹುಕಾಲ, ಅದರೊಳಗೆ ನಿಂಬೆಹಣ್ಣು ಇಟ್ಟು ಹೊರಡಿಸಬೇಕು. ನೀನು ಬಾ. ಬೈಯುವುದಿದ್ದರೆ ಅಲ್ಲೇ ಬೈಯುವೆಯಂತೆ. ಲೈಸೆನ್ಸು ನನ್ನ ಅಂಗಿ ಜೇಬಿನಲ್ಲೇ ಇದೆ.

ನಿನ್ನ ಮಾವ
ದೇವರಾಜು


ಓಕ್‌ಲ್ಯಾಂಡ್
ಏಪ್ರಿಲ್ 14, 2025

ಮಾವ,

ಹದಿನಾರು ಪುಟ ಓದುವಷ್ಟೂ ತಾಳ್ಮೆ ಇಲ್ಲದೆ ಅತ್ತೆಯ ಕೈಲಿ ಓದಿಸಿದಿರಿ. ಡ್ಯೂಟಿ ಮುಗಿಸಿ ಸುಸ್ತಾಗಿ ಬಂದ ನರ್ಸನ್ನು ಕೂರಿಸಿಕೊಂಡು! ಅಕ್ಷರ ಸಣ್ಣ ಎಂಬುದು ನೆಪ. ಒಪ್ಪದ ಮಾತನ್ನು ಓದದಿರಲು ಎಲ್ಲರೂ ಅದನ್ನೇ ಹೇಳುತ್ತಾರೆ.

ಬೆಟ್ಟ ನೋಡಿ ಖುಷಿಯಾಯಿತೆಂದು ಬರೆದಿದ್ದೀರಿ. ಬಸ್ಸಿನ ಕಿಟಕಿಯಿಂದಲೇ ಕಂಡಿತಲ್ಲ? ಅದೇ ಟಿಕೆಟ್ಟಿನಲ್ಲಿ ದಿನವೂ ನೋಡಿ. ಅದಕ್ಕೊಂದು ಕಾರ್ವೆಟ್ ಯಾಕೆ?

ನಿಮ್ಮ ಕಾರಿನ ವಿಷಯ ನಾನೂ ಓದಿದೆ. ಎಪ್ಪತ್ತಾರಕ್ಕಿಂತ ಹಿಂದಿನ ಕಾರುಗಳಿಗೆ ಈ ರಾಜ್ಯದಲ್ಲಿ ಹೊಗೆ ಪರೀಕ್ಷೆಯೇ ಇಲ್ಲ. ಬಡವನ ಇಪ್ಪತ್ತು ವರ್ಷದ ಡಕೋಟಾ ಗಾಡಿಗೆ ಪರೀಕ್ಷೆ ಉಂಟು, ಶೋಕಿಯ ಅರವತ್ತು ವರ್ಷದ ಗಾಡಿಗೆ ವಿನಾಯಿತಿ. ಇದನ್ನು ಏನೆಂದು ಕರೆಯುತ್ತೀರಿ? ನಾನು ಇದನ್ನು ನೋಡಿಕೊಂಡು ಸುಮ್ಮನೆ ಕೂರುವವಳಲ್ಲ. ಮಾಡಬೇಕಾದ್ದನ್ನು ಮಾಡುತ್ತೇನೆ.

ಮೂವತ್ತಕ್ಕೆ ಬರುವುದಿಲ್ಲ. ಏಳನೇ ಪುಟ ತಿದ್ದಿದ್ದೇವೆ. ನಿಂತವರ ವಿಷಯ ನೀವು ಹೇಳಿದ್ದು ಸರಿ.

ಬಿಂದುಶ್ರೀ


ಸ್ಯಾನ್ ಹೊಸೆ
ಮೇ 2, 2025

ಬಿಂದು,

ಕಾರು ಬರಲಿಲ್ಲ. ನಿನಗೆ ಸಮಾಧಾನವಾಗಲಿ ಎಂದು ಮೊದಲೇ ಹೇಳಿಬಿಟ್ಟೆ.

ನಡೆದದ್ದು ಇಷ್ಟು. ಮಿಸೆಸ್ ಹ್ಯಾಲೊರಾನ್ ಹೊದಿಕೆ ತೆಗೆದು ಒರೆಸಿ ಇಟ್ಟಿದ್ದರು. ನಿಮ್ಮತ್ತೆ ಅರಿಶಿನ ಕುಂಕುಮ ಹಚ್ಚಿದಳು, ನಾನು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆ. ನೀನು ಬಂದರೂ ಬರಬಹುದೆಂದು ಹನ್ನೊಂದರವರೆಗೆ ಬಸ್ ಸ್ಟಾಪಿನ ಕಡೆ ನೋಡಿದೆವು. ಸಂಘದ ಮಧುಕರ್ ಬಂದಿದ್ದ. ನೀನು ಬಾರದಿದ್ದರೆ ಇರಲಿ ಎಂದು ಕರೆದಿದ್ದೆ. ಮಹಾಶಯ ಸ್ಟಿಯರಿಂಗ್ ಮುಂದೆ ಕೂತು ಕೆಳಗೆ ನೋಡಿ "ಸಾರ್, ಇಲ್ಲಿ ಮೂರು ಪೆಡಲ್ ಇದೆ" ಎಂದ. ಹದಿನೆಂಟು ವರ್ಷದಿಂದ ಅಮೆರಿಕದಲ್ಲಿ ಕಾರು ಓಡಿಸುತ್ತಿದ್ದಾನೆ, ಎಲ್ಲಾ ಕ್ಲಚ್ಚಿಲ್ಲದವು! ನಿಮ್ಮತ್ತೆ ಮುಖ ಆ ಕಡೆ ತಿರುಗಿಸಿ ನಕ್ಕಳು.

ಅಷ್ಟರಲ್ಲಿ ಮಿಸೆಸ್ ಹ್ಯಾಲೊರಾನ್ ಒಂದು ಕಾಗದ ಹಿಡಿದು ಬಂದರು. ಗಾಡಿಯ ಪತ್ರ ತರಲು ಒಳಗೆ ಹೋದಾಗ ಬಾಗಿಲ ಕೆಳಗೆ ಆಗಷ್ಟೇ ಕಣ್ಣಿಗೆ ಬಿತ್ತಂತೆ. ನಮ್ಮ ಮನೆಯಲ್ಲಿ ಯಾರೂ ಆ ಕಾರಿನಲ್ಲಿ ಕೂರುವುದಿಲ್ಲ, ಅದು ಬಂದರೆ ಮನೆ ಒಡೆಯುತ್ತದೆ, ದಯವಿಟ್ಟು ಮಾರಬೇಡಿ ಎಂದು ಇಂಗ್ಲಿಷಿನಲ್ಲಿ ಟೈಪು. ಕೆಳಗೆ "ಅವರ ಕುಟುಂಬದವರು" ಎಂದಷ್ಟೇ ಇದೆ. "ಮನೆಯವರು ಬೇಡವೆನ್ನುವ ಗಾಡಿಯನ್ನು ನಾನು ಕೊಡಲಾರೆ, ದೇವ್. ಮೊದಲು ಅವರನ್ನು ಒಪ್ಪಿಸಿ ಬನ್ನಿ" ಎಂದರು. ಕೋಪವಿರಲಿಲ್ಲ, ಆಕೆಗೇ ಅಳು ಬಂದಂತಿತ್ತು.

ನಿಂಬೆಹಣ್ಣು ತೆಗೆಯಲೇ ಎಂದು ಕೇಳಿದರು. ಬೇಡ ಎಂದೆ. ಇಟ್ಟದ್ದನ್ನು ಕೈಯಲ್ಲಿ ತೆಗೆಯಬಾರದು, ಚಕ್ರವೇ ಹತ್ತಬೇಕು. ಅದು ಆಕೆಗೆ ಹೇಗೆ ಅರ್ಥವಾಯಿತೋ, ಸರಿ ಎಂದರು. ನಾಲ್ಕೂ ಅಲ್ಲೇ ಇವೆ.

ಈಗ ನನ್ನ ತಪ್ಪು. ಬಸ್ಸಿನಲ್ಲಿ ವಾಪಸು ಬರುವಾಗ "ನೀನೇ ಬರೆದೆಯಾ?" ಎಂದು ನಿಮ್ಮತ್ತೆಯನ್ನು ಕೇಳಿಬಿಟ್ಟೆ. ಮೊದಲಿನಿಂದಲೂ ಅವಳಿಗೆ ಆ ಗಾಡಿ ಇಷ್ಟವಿರಲಿಲ್ಲ ನೋಡು. ಮೂರು ದಿನವಾಯಿತು, ತಟ್ಟೆ ಇಡುತ್ತಾಳೆ, ಮಾತಿಲ್ಲ. ನೀನು ಅವಳಿಗೆ ಎರಡು ಸಾಲು ಬರೆದರೆ ಒಳ್ಳೆಯದು.

ದೇವರಾಜು


ಓಕ್‌ಲ್ಯಾಂಡ್
ಮೇ 7, 2025

ಮಾವ,

ಆ ಕಾಗದ ಬರೆದದ್ದು ನಾನು. ಅತ್ತೆಯನ್ನು ಈ ಕ್ಷಣ ಕ್ಷಮೆ ಕೇಳಿ. ಇದರ ಜೊತೆಗಿರುವ ಇನ್ನೊಂದು ಲಕೋಟೆ ಅವರಿಗೆ.

ಹಳದಿ ಮನೆ, ನಿಂಬೆ ಗಿಡ, ಎದುರಿಗೆ ಬಸ್ ಸ್ಟಾಪು. ಹುಡುಕುವುದು ಕಷ್ಟವಾಗಲಿಲ್ಲ. ಇಪ್ಪತ್ತೊಂಬತ್ತರ ಸಂಜೆ ಹೋಗಿ ಬಾಗಿಲ ಕೆಳಗೆ ತೂರಿಸಿ ಬಂದೆ. ಹೆಸರು ಹಾಕಲಿಲ್ಲ. ಹಾಕಬೇಕಿತ್ತು. ಹೆಸರಿಲ್ಲದ ಕರಪತ್ರ ಹಂಚುವವರನ್ನು ನಾನೇ ಹೇಡಿಗಳೆಂದು ಬೈಯುತ್ತೇನೆ. ಇದೊಂದರಲ್ಲಿ ನನಗೆ ನಾಚಿಕೆಯಿದೆ. ಕಾರು ನಿಂತದ್ದರ ಬಗ್ಗೆ ಇಲ್ಲ.

ಆದರೆ ಒಂದು ಮಾತು. ನಿಮಗೆ ನನ್ನ ಮೇಲೆ ಸಂಶಯ ಇದ್ದೇ ಇತ್ತು, ಅಲ್ಲವೇ? ಇಲ್ಲದಿದ್ದರೆ ಅಕ್ಷರಗಳನ್ನು ಅಷ್ಟು ದಪ್ಪ, ಅಷ್ಟು ದೊಡ್ಡದಾಗಿ ಯಾಕೆ ಬರೆಯುತ್ತಿದ್ದಿರಿ? ಏಪ್ರಿಲ್ಲಿನ ಕಾಗದ ಎರಡು ಪುಟ. ಈ ಸಲ ಎಂಟು. ಮಾತು ಸಮಾಧಾನದ್ದು, ಕೈಬರಹ ಮಾತ್ರ ಕೂಗುತ್ತಿದೆ. ಕೂಗುವುದಿದ್ದರೆ ಬಾಯಿಬಿಟ್ಟು ಕೂಗಿ. ಜೊತೆಗೆ ಆ ಮಧುಕರನನ್ನು ಬೇರೆ ಕರೆಸಿದ್ದಿರಿ! ಗಾಡಿ ಕೈಗೆ ಬರುವ ಮೊದಲೇ ನಾಲ್ಕು ಜನಕ್ಕೆ ತೋರಿಸುವ ಆಸೆ.

ಬರೆದ ಮೇಲೆ ಓದಿಕೊಂಡೆ. ಇದು ಒರಟಾಗಿದೆ. ಆದರೂ ಹರಿದು ಹಾಕುವುದಿಲ್ಲ, ಕಳಿಸುತ್ತೇನೆ.

ಬಿಂದುಶ್ರೀ


ಸ್ಯಾನ್ ಹೊಸೆ
ಮೇ 24, 2025

ಬಿಂದು,

ಅತ್ತೆ ಮಾತಾಡುತ್ತಿದ್ದಾಳೆ. ನಿನ್ನ ಲಕೋಟೆ ಅವಳ ದಿಂಬಿನ ಕೆಳಗಿದೆ.

ಯಾರೋ ಕಾರು ಕೂಡಿಡುವವರು ಬಂದು ನೋಡಿದರಂತೆ. ಅವರ ಗೋಡೌನಿನಲ್ಲಿ ಮೂವತ್ತು ಕಾರು ಹೊದ್ದು ನಿಂತಿವೆಯಂತೆ. ಜೂನ್ ಕೊನೆಗೆ ಅವರಿಗೇ ಕೊಡುತ್ತಾರೆ. ಇರಲಿ ಬಿಡು.

ನಾನು ಕೂಗಲಿಲ್ಲ ಬಿಂದು. ನಿನ್ನ ಮೇಲೆ ಯಾವತ್ತು ಕೂಗಿದ್ದೇನೆ?

ಊಟಕ್ಕೆ ಬಾ.

ಮಾವ


ಓಕ್‌ಲ್ಯಾಂಡ್
ಜೂನ್ 12, 2025

ಮಾವ,

ಇದನ್ನು ನಮ್ಮ ಪೋಸ್ಟರು ಬರೆಯುವ ದಪ್ಪ ಕರಿ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಒಂದು ಪುಟಕ್ಕೆ ಐದೇ ಸಾಲು. ನೀವೇ ಓದಬೇಕು. ಅತ್ತೆಯ ಕೈಗೆ ಕೊಡಬೇಡಿ.

ನಿಮ್ಮ ಕೊನೆಯ ಕಾಗದದಲ್ಲಿ "ಇರಲಿ ಬಿಡು" ಎಂಬ ಸಾಲಿನ ಮೇಲೇ "ನಾನು ಕೂಗಲಿಲ್ಲ" ಎಂದು ಬರೆದಿದ್ದಿರಿ. ಒಂದರ ಮೇಲೊಂದು. ಬಿಡಿಸಿ ಓದಲು ಕಿಟಕಿಗೆ ಹಿಡಿಯಬೇಕಾಯಿತು. ಮೂರೂ ಕಾಗದಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟೆ. ಅಕ್ಷರ ಕೋಪದಿಂದ ಬೆಳೆಯುತ್ತಿರಲಿಲ್ಲ. ಎರಡು ವಾರ ಅದನ್ನು ನಂಬದೆ ಕಳೆದೆ.

ಎಂಟನೇ ತಾರೀಖು ಭಾನುವಾರ ಬಾರ್ಟು ರೈಲು ಹಿಡಿದು, ಎರಡು ಬಸ್ಸು ಬದಲಿಸಿ ಸರಟೋಗಾಕ್ಕೆ ಹೋದೆ. ಮೊದಲು ನಿಮ್ಮ ಮನೆಗೆ ಬರಲು ಮುಖವಿರಲಿಲ್ಲ. ಮಿಸೆಸ್ ಹ್ಯಾಲೊರಾನ್ ಬಾಗಿಲು ತೆರೆದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಾಗಿಲ ಕೆಳಗಿನ ಕಾಗದ ನೀನೇನಾ?" ಎಂದರು. ಹೌದು ಎಂದೆ. "ಇಂಗ್ಲಿಷ್ ಚೆನ್ನಾಗಿದೆ, ಕೆಲಸ ಚೆನ್ನಾಗಿಲ್ಲ" ಎಂದು ಒಳಗೆ ಕರೆದು ನಿಂಬೆ ಶರಬತ್ತು ಕೊಟ್ಟರು.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಮಾರ್ಚಿನಲ್ಲಿ ನೀವು ಕಾರು ನೋಡಲು ಹೋದಾಗ ಡ್ರೈವರ್ ಕಡೆಯ ಬಾಗಿಲಿಗೆ ಕೈಯನ್ನೇ ಹಾಕಲಿಲ್ಲವಂತೆ. ಸುತ್ತಿ ಹೋಗಿ ಪಕ್ಕದ ಸೀಟಿನಲ್ಲಿ ಕೂತಿರಂತೆ. "ಓಡಿಸಿ ನೋಡುವುದಿಲ್ಲವೇ?" ಎಂದು ಕೇಳಿದರೆ, "ಇಲ್ಲ ಮೇಡಂ, ನನ್ನ ಅಕ್ಕನ ಮಗಳು ಓಡಿಸುತ್ತಾಳೆ. ರಜೆಗೆ ನಮ್ಮೂರು ಮದ್ದೂರಿಗೆ ಹೋದಾಗ ಹಳೇ ಜೀಪಿನ ಮೇಲೆ ನಾನೇ ಕ್ಲಚ್ಚು ಕಲಿಸಿದ್ದೇನೆ. ನನಗೆ ಎದುರಿಗಿರುವುದು ಅಳಿಸಿ ಹೋಗುತ್ತಿದೆ. ಪಕ್ಕದಲ್ಲಿರುವುದು ಇನ್ನೂ ಚೆನ್ನಾಗಿ ಕಾಣುತ್ತದೆ. ಅದಿರುವಾಗಲೇ ನನ್ನ ರೂಟನ್ನು ಒಂದು ಸಲ ಪಕ್ಕದ ಸೀಟಿನಿಂದ ನೋಡಬೇಕು" ಎಂದಿರಂತೆ.

ಪರಿಚಯವೇ ಇಲ್ಲದ ಅಮೆರಿಕನ್ ಹೆಂಗಸಿಗೆ ಹೇಳಿದಿರಿ. ನನಗೆ "ಸಾಕು ಅನ್ನಿಸಿತು" ಎಂದು ಬರೆದಿರಿ.

ಅವರ ಫೋನಿನಿಂದಲೇ ಅತ್ತೆಗೆ ಮಾಡಿದೆ. "ಗೊತ್ತಾಯ್ತಾ? ಸದ್ಯ" ಎಂದರು. "ಜನವರೀಲಿ ಡ್ರೈವರುಗಳ ಕಣ್ಣಿನ ಪರೀಕ್ಷೇಲಿ ಸಿಕ್ಕಿದ್ದು ಕಣೇ. ಗಾಡಿ ತರೋದು ಶುಭ ಕೆಲಸ, ಅದಕ್ಕೆ ಮುಂಚೆ ಕಣ್ಣಿನ ಸುದ್ದಿ ಬಾಯಿಗೆ ತರಬೇಡ ಅಂದ್ರು ನಿಮ್ಮಾವ. ಮೂವತ್ತನೇ ತಾರೀಖು ಗಾಡಿ ಹೊರಟ ಮೇಲೆ ಹೇಳೋದು ಅಂತ ಮಾತಾಗಿತ್ತು. ನಾನು ನರ್ಸು, ಇದು ಮೂಢತನ ಅಂತ ನನಗೆ ಗೊತ್ತಿಲ್ವಾ? ಆದ್ರೂ ಬಾಯಿ ಬರಲಿಲ್ಲ." ಆಮೇಲೆ ಇಬ್ಬರೂ ಅತ್ತೆವು. ಮಿಸೆಸ್ ಹ್ಯಾಲೊರಾನ್ ಟಿಶ್ಯೂ ಡಬ್ಬಿ ತಂದು ನನ್ನ ಮುಂದಿಟ್ಟು ಹೊರಗೆ ಹೋದರು.

ಗಾಡಿ ಹೊರಡದಂತೆ ತಡೆದವಳು ನಾನು. ಹಾಗಾಗಿ ಆ ಸುದ್ದಿಯೂ ಹೊರಡಲಿಲ್ಲ. ಈ ಆರು ವಾರಗಳಲ್ಲಿ ನೀವು ಎಷ್ಟು ನೋಡಬಹುದಿತ್ತು, ನಾನು ಪಕ್ಕದಲ್ಲಿ ಕೂತು ಎಷ್ಟು ತೋರಿಸಬಹುದಿತ್ತು. ಅದರ ಲೆಕ್ಕ ಬೇಡ ಎಂದು ಮಿಸೆಸ್ ಹ್ಯಾಲೊರಾನ್ ಹೇಳಿದರು. ಅವರದೂ ಒಂದು ಕಥೆಯಿದೆ. ಅವರ ಗಂಡ ಆ ಕಾರನ್ನು ಹೇಳದೆ ಕೇಳದೆ ತಂದ ಸಿಟ್ಟಿಗೆ ಇವರು ನಾಲ್ಕು ವರ್ಷ ಅದರಲ್ಲಿ ಕೂರಲಿಲ್ಲವಂತೆ. "ನಾನೇ ಸರಿ ಇದ್ದೆ. ಈಗಲೂ ನಾನೇ ಸರಿ. ಆದರೆ ಆ ನಾಲ್ಕು ಬೇಸಿಗೆ ಅವನು ಒಬ್ಬನೇ ಸಮುದ್ರದ ಕಡೆ ಹೋಗಿ ಬಂದ" ಎಂದರು.

ನಾನೂ ಸರಿಯೇ ಮಾವ. ರಸ್ತೆ ಬಸ್ಸಿನದು. ಹೊಗೆಯ ವಿನಾಯಿತಿ ಅನ್ಯಾಯ, ಅದನ್ನು ಕೇಳಲು ಬರುವ ತಿಂಗಳು ರಾಜಧಾನಿಗೆ ಹೋಗುವವರಲ್ಲಿ ನಾನೂ ಇದ್ದೇನೆ. ಪುಸ್ತಿಕೆಯ ಒಂದು ಅಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ದೊಡ್ಡ ಅಕ್ಷರದಲ್ಲಿ ಮತ್ತೆ ಅಚ್ಚು ಹಾಕಿಸುತ್ತೇನೆ, ನಿಮ್ಮ ಪ್ರತಿ ಮೊದಲನೆಯದು. ಆದರೆ ಅದರ ಹದಿನಾರು ಪುಟದಲ್ಲಿ ಎಲ್ಲೂ ನೀವು ಇರಲಿಲ್ಲ. ಇಪ್ಪತ್ತಾರು ವರ್ಷ ನಿಂತವರನ್ನೂ ಕೂತವರನ್ನೂ ಅವರವರ ಜಾಗಕ್ಕೆ ಮುಟ್ಟಿಸಿ, ಒಂದು ಸಲವೂ ಪಕ್ಕಕ್ಕೆ ತಿರುಗದ ಮನುಷ್ಯ. ಅಂಥವರನ್ನು ಕೂರಿಸಿಕೊಂಡು ಹೋಗುವುದು ಯಾರ ಕೆಲಸ ಎಂದು ನಾವು ಯೋಚಿಸಿಯೇ ಇರಲಿಲ್ಲ.

ತಿಂಗಳಿಗೆ ಒಂದು ಸಲ ನಾನು ಓಡಿಸುತ್ತೇನೆ, ನಿಮ್ಮ ರೂಟಿನಲ್ಲಿ ಮಾತ್ರ. ಉಳಿದ ದಿನ ನೀವೂ ಬಸ್ಸು, ನಾನೂ ಬಸ್ಸು. ಒಪ್ಪಿಗೆಯೇ? ನಿಮ್ಮ ಸ್ಟಾಪುಗಳಲ್ಲೆಲ್ಲ ನಿಲ್ಲಿಸುತ್ತೇನೆ. ಯಾರನ್ನೂ ಹತ್ತಿಸಿಕೊಳ್ಳಲು ಜಾಗವಿಲ್ಲ ಎಂಬುದೇ ನನ್ನ ಸಂಕಟ.

ಕಾರು ಕೂಡಿಡುವವರಿಗೆ ಬೇಡವೆಂದು ಹೇಳಿಯಾಯಿತು, ಮಿಸೆಸ್ ಹ್ಯಾಲೊರಾನ್ ನನ್ನ ಎದುರಿಗೇ ಫೋನು ಮಾಡಿದರು. ಆಮೇಲೆ ಡ್ರೈವ್‌ವೇಗೆ ಕರೆದುಕೊಂಡು ಹೋಗಿ ಹೊದಿಕೆ ಎತ್ತಿ ತೋರಿಸಿದರು. ನಾಲ್ಕೂ ಅಲ್ಲೇ ಇವೆ. ಕಂದು ಬಣ್ಣಕ್ಕೆ ತಿರುಗಿ, ಒಣಗಿ, ಅಡಿಕೆಯ ಹಾಗೆ ಗಟ್ಟಿಯಾಗಿವೆ. ಗುಡಿಸುವಾಗ ಪೊರಕೆ ಕೂಡ ತಾಗಿಸಿಲ್ಲವಂತೆ. "ಚಕ್ರವೇ ಹತ್ತಬೇಕು ಅಂತ ದೇವ್ ಹೇಳಿದ್ದಾರೆ" ಎಂದು ನನಗೇ ತಿಳಿಹೇಳಿದರು. ಹೊಸದು ಬೇಕಿದ್ದರೆ ಗಿಡದ ತುಂಬ ಇದೆ ಎಂದರು. ನಾನು ಬೇಡ ಎಂದೆ. ನೀವು ಇಟ್ಟವೇ ಇರಲಿ.

ನಾನು ರಾಹುಕಾಲ ನಂಬುವವಳಲ್ಲ. ಆದರೂ ಅತ್ತೆಯನ್ನು ಕೇಳಿದೆ, ಕೆಳಗೆ ಬರೆದಿರುವ ದಿನ ಅದು ಸಂಜೆ ನಾಲ್ಕೂವರೆಗಂತೆ. ನಮಗೆ ಬೇಕಾದಷ್ಟು ಹೊತ್ತಿದೆ. ನನ್ನ ಲೈಸೆನ್ಸು ಜೇಬಿನಲ್ಲೇ ಇದೆ ತಾನೇ? ಅಂಗಿ ಬದಲಾಯಿಸಿದರೂ ಅದನ್ನು ಮರೆಯಬೇಡಿ.

ನಿಮ್ಮ ಬಿಂದು

ಜೂನ್ 22, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಸರಟೋಗಾದ ಹಳದಿ ಮನೆಯ ಎದುರು, ನಿಮ್ಮ ಸ್ಟಾಪಿನಲ್ಲಿ.